ಡಬ್ಬಕ್ಕೆ ಶಹಾಬಾದ್ ಕಲ್ಲು ಹಾಸಿದ ಕಥೆ: ಓಪನ್‌ಸಿಮ್ಯುಲೇಟರ್ ಬಳಕೆದಾರನ ವಿಮರ್ಶೆ

ಓಪನ್‌ಸಿಮ್ಯುಲೇಟರ್ ಅಂದರೇನು, ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ವಿಡಿಯೋಗಳು ಬೇಕಾದಷ್ಟಿವೆ. ಇಷ್ಟು ಸಾಕು: 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಅಂದರೆ ಇಂಟರ್‌ನೆಟ್‌ನಲ್ಲಿ ಜನ ಓಡಾಡುವ, ಮನೆ ಕಟ್ಟುವ ಮೂರು ಆಯಾಮದ ಲೋಕ; ಅದೇ ಥರದ ಲೋಕವನ್ನು ಓಪನ್‌ಸಿಮ್ಯುಲೇಟರ್‌ನಿಂದ ನಮ್ಮ ಮನೆಯ ಕಂಪ್ಯೂಟರ್‌ನಲ್ಲೇ ಪುಕ್ಕಟೆ ನಡೆಸಬಹುದು. ನಾನು ಬರೆಯಲು ಕೂತಿದ್ದು ಅದರೊಳಗಿನ ಒಂದೇ ಒಂದು ಟ್ಯಾಬ್ ಬಗ್ಗೆ. ಬಿಲ್ಡ್ ಕಿಟಕಿಯಲ್ಲಿರುವ ಟೆಕ್ಸ್ಚರ್ ಟ್ಯಾಬ್, ಅಂದರೆ ವಸ್ತುಗಳ ಮೈಗೆ ಚಿತ್ರ ಹಚ್ಚುವ ಜಾಗ. ಕೆಲವು ವರ್ಷಗಳಿಂದ ರಾತ್ರಿ ಊಟ ಆದಮೇಲೆ ನಾನು ಸಿಗುವುದು ಅಲ್ಲೇ.

ನನ್ನದು ಕಲಬುರಗಿಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್. ಫೋಟೋ ಕತ್ತರಿಸುವುದು, ಬಣ್ಣ ತಿದ್ದುವುದು ಕೈಗೆ ಹತ್ತಿದ ಕೆಲಸ. ಮೂರು ಆಯಾಮದ ಮಾಡೆಲಿಂಗ್ ಮಾತ್ರ ಬರುವುದಿಲ್ಲ, ಕಲಿಯುವ ಪುರುಸೊತ್ತೂ ಇಲ್ಲ. ಹವ್ಯಾಸಕ್ಕೆ ಅಂತ ನಾನು ಎತ್ತಿಡುವ ದುಡ್ಡು ಸೊನ್ನೆ. ಸೆಕೆಂಡ್ ಲೈಫ್‌ನಲ್ಲಿ 1024 ಪಿಕ್ಸೆಲ್ ಚೌಕದ ಒಂದು ಚಿತ್ರ ಏರಿಸಲು 10 ಲಿಂಡನ್ ಡಾಲರ್ (ಅಲ್ಲಿಯ ದುಡ್ಡು). ನಮ್ಮ ರೂಪಾಯಿಯಲ್ಲಿ ಅದೇನೂ ದೊಡ್ಡ ಮೊತ್ತ ಅಲ್ಲ. ಆದರೆ ಒಂದೇ ನೆಲದ ಚಿತ್ರವನ್ನು ಹತ್ತಾರು ಸಲ ತಿದ್ದಿ ತಿದ್ದಿ ಏರಿಸುವ ನನ್ನಂಥವನಿಗೆ ಪ್ರತಿ ಸಲ ಮೀಟರ್ ಓಡುತ್ತಿದ್ದರೆ ಕೈ ನಡುಗುತ್ತದೆ. ಸ್ವಂತ ಸರ್ವರ್‌ನಲ್ಲಿ ಆ ಚಿಂತೆ ಇಲ್ಲ.

ಇಲ್ಲಿ ಕಟ್ಟುವುದಕ್ಕೆ ಕೊಡುವುದು ಪ್ರಿಮ್‌ಗಳು. ಡಬ್ಬ, ಉರುಳೆ, ಗೋಲ, ಉಂಗುರ, ಇಂಥವೇ ಕೆಲವು ಆಕಾರ. ಹುಟ್ಟುವಾಗ ಎಲ್ಲಕ್ಕೂ ಒಂದೇ ಮರದ ಹಲಗೆಯ ಬಣ್ಣ. ನೋಡಿದರೆ ಬೇಜಾರಾಗುತ್ತದೆ. ಆದರೆ 'ಸೆಲೆಕ್ಟ್ ಫೇಸ್' ಒತ್ತಿ, ಡಬ್ಬದ ಒಂದು ಮುಖವನ್ನಷ್ಟೇ ಆರಿಸಿ, ಅದಕ್ಕೊಂದು ಒಳ್ಳೆಯ ಫೋಟೋ ಹಾಕಿ ನೋಡಿ. ಡಬ್ಬ ಡಬ್ಬವಾಗಿಯೇ ಇರುತ್ತದೆ, ಕಣ್ಣಿಗೆ ಮಾತ್ರ ಕಟ್ಟೆಯಾಗುತ್ತದೆ. ಮೇಲ್ಭಾಗಕ್ಕೆ ಕಲ್ಲು, ಬದಿಗಳಿಗೆ ಸುಣ್ಣದ ಗೋಡೆ, ಕೆಳಗಿನದು ಯಾರಿಗೂ ಕಾಣುವುದಿಲ್ಲ, ಹಾಗೇ ಬಿಡಿ. ಒಂದು ಡಬ್ಬಕ್ಕೆ ಆರು ಮುಖ. ಹಾಲೋ ಮಾಡಿ, ಅಂದರೆ ಒಳಗೆ ಟೊಳ್ಳು ಮಾಡಿ, ಕತ್ತರಿಸಿದರೆ ಒಂಬತ್ತರವರೆಗೆ ಹೋಗುತ್ತದೆ. ತಮಾಷೆ ಏನಪ್ಪಾ ಅಂದರೆ, ಹಾಲೋ ಮಾಡಿದ ಡಬ್ಬದ ಒಳಗಿನ ನಾಲ್ಕೂ ಗೋಡೆ ಸೇರಿ ಒಂದೇ ಮುಖ. ಒಂದೇ ಚಿತ್ರ ಇಡೀ ಕೋಣೆಯನ್ನು ಸುತ್ತಿಕೊಳ್ಳುತ್ತದೆ. ಅಡ್ಡಕ್ಕೆ ರಿಪೀಟ್ (ಚಿತ್ರ ಎಷ್ಟು ಸಲ ಮರುಕಳಿಸಬೇಕು ಅನ್ನುವ ಅಂಕಿ) 4 ಕೊಟ್ಟರೆ ನಾಲ್ಕು ಗೋಡೆಗೂ ಸಮನಾಗಿ ಬಂತು, ಒಂದೇ ಪ್ರಿಮ್‌ನಲ್ಲಿ ಖೋಲಿ ತಯಾರು.

ಇನ್ನು ನೆಲದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಡೆ ಹಳೆ ಮನೆಗಳಲ್ಲಿ ಶಹಾಬಾದ್ ಫರ್ಸಿ (ಹಾಸುಗಲ್ಲು) ಬಿಟ್ಟರೆ ಬೇರೆ ನೆಲ ಕಾಣುವುದೇ ಕಡಿಮೆ. ಬೂದು, ಅದರಲ್ಲೇ ಸ್ವಲ್ಪ ನೀಲಿ, ಕೆಲವು ಕಲ್ಲು ಹಳದಿಗೆ ತಿರುಗಿದವು. ಇದು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ, ಅದಕ್ಕೇ ಮೈಮೇಲೆ ಅಷ್ಟು ಸಣ್ಣ ಏರಿಳಿತ. ದುಡ್ಡು ಕೊಟ್ಟು ಕೊಳ್ಳುವ ಕಲ್ಲಿನ ಟೆಕ್ಸ್ಚರ್‌ಗಳಲ್ಲಿ ನಾನು ನೋಡಿದಷ್ಟರಲ್ಲಿ ಅದೊಂದು ಇಲ್ಲ. ಪೋಲಿ ಹೇವನ್, ಆಂಬಿಯೆಂಟ್‌ಸಿಜಿ ತಾಣಗಳಲ್ಲಿ ಹಕ್ಕುಗಳ ತಂಟೆಯಿಲ್ಲದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಗುಣಮಟ್ಟವೂ ಬಹಳ ಚೆನ್ನಾಗಿದೆ. ಆದರೆ ಅವನ್ನು ಹಾಸಿದರೆ ಮನೆ ಬೇರೆ ಯಾವುದೋ ದೇಶದ್ದಾಗುತ್ತದೆ. ಹಾಗಾಗಿ ಫೋಟೋ ನಾನೇ ತೆಗೆಯುತ್ತೇನೆ.

ಬಿಸಿಲು ಏರುವ ಮೊದಲು, ನೆರಳು ಬೀಳದ ಹೊತ್ತಿಗೆ, ಸ್ಟೂಲಿನ ಮೇಲೆ ನಿಂತು ಮೊಬೈಲ್ ನೇರ ಕೆಳಕ್ಕೆ ಹಿಡಿಯಬೇಕು. ಬಿರುಬಿಸಿಲಿನಲ್ಲಿ ತೆಗೆದರೆ ಚಿತ್ರದೊಳಗೆ ನೆರಳು ಕೂತುಬಿಡುತ್ತದೆ. ಆಮೇಲೆ ಆ ಲೋಕದ ಸೂರ್ಯ ಒಂದು ಕಡೆ, ಕಲ್ಲಿನ ನೆರಳು ಇನ್ನೊಂದು ಕಡೆ. ನೆಲ ಒದ್ದೆ ಇದ್ದರೂ ಕೆಟ್ಟಿತು, ಹೊಳಪು ಬಿಳಿ ಮಚ್ಚೆಯಾಗುತ್ತದೆ. ನಮ್ಮನೆಯಲ್ಲಿ ಅಂಗಳ ತೊಳೆಯುವುದಕ್ಕೂ ನನ್ನ ಫೋಟೋಗೂ ದಿನಾ ಜಗಳ. "ನೆಲದ್ ಫೋಟೋ ತಗೊಂಡ್ ಏನ್ ಮಾಡ್ತೀರಿ, ಸರೀರಿ ಅತ್ಲಾಗ" ಅಂತ ನನ್ನಾಕೆ ಬಕೆಟ್ ಹಿಡಿದು ನಿಂತಿರುತ್ತಾಳೆ.

ಚಿತ್ರವನ್ನು ಗಿಂಪ್‌ನಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್) ತೆರೆದು ಆಫ್‌ಸೆಟ್ ಕೊಟ್ಟು ಅರ್ಧಕ್ಕೆ ಸರಿಸುತ್ತೇನೆ. ಅಂಚುಗಳು ನಡುವೆ ಬಂದು ಕೂಡುತ್ತವೆ, ಸೇರದ ಗೆರೆ ಎದ್ದು ಕಾಣುತ್ತದೆ. ಅದನ್ನು ಹೀಲ್ ಟೂಲ್‌ನಿಂದ ಒರೆಸಿದರೆ ಜೋಡಿಸಿದಲ್ಲಿ ಸಂದು ಕಾಣುವುದಿಲ್ಲ. ಆಮೇಲೆ 512ಕ್ಕೆ ಇಳಿಸುತ್ತೇನೆ. ಎಲ್ಲರೂ 1024 ಹಾಕುತ್ತಾರೆ, ನಾನು ಹಾಕುವುದಿಲ್ಲ. 1024ರ ಚಿತ್ರ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬಿಚ್ಚಿಕೊಂಡರೆ ಸುಮಾರು 4 ಎಂಬಿ, 512ರದ್ದು 1 ಎಂಬಿ. ನನ್ನ ಕಾರ್ಡ್ ಸೆಕೆಂಡ್ ಹ್ಯಾಂಡ್.

ಲೆಕ್ಕ ಸುಲಭ. ಫೋಟೋದಲ್ಲಿ ಎರಡಡಿ ಚೌಕದ ನಾಲ್ಕು ಕಲ್ಲು, ಅಂದರೆ ಅಗಲ ನಾಲ್ಕಡಿ, ಹೆಚ್ಚೂ ಕಡಿಮೆ 1.2 ಮೀಟರ್. 12 ಮೀಟರ್ ನೆಲಕ್ಕೆ ರಿಪೀಟ್ 10. ಬೇರೆ ಬೇರೆ ಅಳತೆಯ ಡಬ್ಬಗಳಿದ್ದರೆ ಮ್ಯಾಪಿಂಗ್ (ಚಿತ್ರ ಮೈಮೇಲೆ ಕೂರುವ ರೀತಿ) ಅನ್ನು ಪ್ಲೇನರ್‌ಗೆ ಬದಲಿಸಿ, 'ಅಲೈನ್ ಪ್ಲೇನರ್ ಫೇಸಸ್' ಟಿಕ್ ಮಾಡಿ. ಪಕ್ಕದ ಡಬ್ಬದ ಗೆರೆಗೆ ಈ ಡಬ್ಬದ ಗೆರೆ ತಾನೇ ಬಂದು ಕೂಡುತ್ತದೆ. ಮೊದಲ ಸಲ ಇದು ಆದಾಗ ನನಗೆ ಗೌಂಡಿ ಕೆಲಸ ಮುಗಿಸಿದಷ್ಟೇ ಖುಷಿ ಆಯಿತು.

ಇನ್ನೊಂದು ಸುಖ ಇದೆ, ಲೋಕಲ್ ಟೆಕ್ಸ್ಚರ್. ಚಿತ್ರವನ್ನು ಏರಿಸದೆಯೇ ನಮ್ಮ ಡಿಸ್ಕ್‌ನಿಂದ ನೇರ ಗೋಡೆಗೆ ಹಾಕಿ ನೋಡಬಹುದು. ಗಿಂಪ್‌ನಲ್ಲಿ ಸ್ವಲ್ಪ ತಿದ್ದಿ ಅದೇ ಫೈಲ್ ಮೇಲೆ ಎಕ್ಸ್‌ಪೋರ್ಟ್ ಕೊಟ್ಟರೆ ಅಲ್ಲಿ ಗೋಡೆ ಬದಲಾಗುತ್ತದೆ. ನಮಗೊಬ್ಬರಿಗೇ ಕಾಣುವುದು, ಅದು ನೆನಪಿರಲಿ.

ಇಲ್ಲಿವರೆಗೆ ಹೊಗಳಿದ್ದಾಯಿತು. ಈಗ ಜಾಲಿಗೆ ಬರೋಣ.

ಹಳೆ ಮನೆಗಳ ವೆಂಟಿಲೇಟರ್‌ಗೆ ಸಿಮೆಂಟ್ ಜಾಲಿ ಇರುತ್ತದಲ್ಲ, ಅದನ್ನು ಮಾಡಲು ಹೊರಟೆ. ತೂತುಗಳನ್ನು ಪಾರದರ್ಶಕ ಮಾಡಿದ ಚಿತ್ರ, ತೆಳ್ಳಗಿನ ಡಬ್ಬ, ಮುಗಿಯಿತು. ನೋಡಲು ಬಹಳ ಸುಂದರ. ಹೊರಗೆ ಒಂದು ಬೇವಿನ ಮರ ನೆಟ್ಟೆ. ಎಲೆಗಳೂ ಪಾರದರ್ಶಕ ಚಿತ್ರವೇ. ಅಲ್ಲಿಂದ ಶುರು ಕಾಟ. ಕೋಣೆಯಲ್ಲಿ ಎರಡು ಹೆಜ್ಜೆ ಇಟ್ಟರೆ ಮರ ಜಾಲಿಯ ಮುಂದೆ ಬರುತ್ತದೆ. ಇನ್ನೊಂದು ಹೆಜ್ಜೆಗೆ ಹಿಂದೆ ಹೋಗುತ್ತದೆ. ಕತ್ತು ತಿರುಗಿಸಿದರೆ ಮತ್ತೆ ಮುಂದೆ. ಹೊರಗಿದ್ದ ಬೇವು ಗೋಡೆ ದಾಟಿ ಖೋಲಿಯೊಳಗೆ ಬಂದು ನಿಂತಂತೆ!

ಕಾರಣ ಇದೆ. ಗಟ್ಟಿ ವಸ್ತುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ಕಾರ್ಡ್ ಒಂದೊಂದು ಚುಕ್ಕಿಗೂ ಲೆಕ್ಕ ಇಡುತ್ತದೆ. ಪಾರದರ್ಶಕ ಇದ್ದರೆ ಹಿಂದಿನದನ್ನು ಮೊದಲು, ಮುಂದಿನದನ್ನು ಆಮೇಲೆ ಬಿಡಿಸಬೇಕು. ಆ ಸಾಲನ್ನು ಪ್ರೋಗ್ರಾಂ ಚುಕ್ಕಿ ನೋಡಿ ಮಾಡುವುದಿಲ್ಲ, ಇಡೀ ವಸ್ತುವಿನ ದೂರ ನೋಡಿ ಅಂದಾಜು ಮಾಡುತ್ತದೆ. ನಾವು ನಡೆದಂತೆ ದೂರ ಬದಲಾಗುತ್ತದೆ, ಸಾಲು ತಿರುವುಮುರುವಾಗುತ್ತದೆ. ಇದು ಈ ಒಂದು ಸಾಫ್ಟ್‌ವೇರಿನ ರೋಗ ಅಲ್ಲ, ಕಂಪ್ಯೂಟರ್ ಗ್ರಾಫಿಕ್ಸ್‌ನ ಹಳೇ ಜಡ್ಡು. ಗೊತ್ತು. ಆದರೂ ರಾತ್ರಿ ಹನ್ನೊಂದಕ್ಕೆ ಆ ಮರ ಕುಣಿಯುವುದನ್ನು ನೋಡಿದರೆ ಗೊತ್ತಿದ್ದು ಏನೂ ಉಪಯೋಗಕ್ಕೆ ಬರುವುದಿಲ್ಲ.

ಮದ್ದು ಅಂದರೆ ಆಲ್ಫಾ ಮೋಡ್ (ಪಾರದರ್ಶಕ ಭಾಗವನ್ನು ಬಿಡಿಸುವ ರೀತಿ) ಅನ್ನು ಬ್ಲೆಂಡಿಂಗ್‌ನಿಂದ ಮಾಸ್ಕಿಂಗ್‌ಗೆ ಬದಲಿಸುವುದು. ಆಗ ಪ್ರತಿ ಚುಕ್ಕಿ ಇದೆ ಅಥವಾ ಇಲ್ಲ, ನಡುವಿನದು ಇಲ್ಲ. ಕಟ್‌ಆಫ್ ಅಂಕಿಯನ್ನು 0ರಿಂದ 255ರೊಳಗೆ ಆಡಿಸಬೇಕು. ಕಡಿಮೆ ಕೊಟ್ಟರೆ ಎಲೆಯ ಸುತ್ತ ಬಿಳಿ ಅಂಚು, ಜಾಸ್ತಿ ಕೊಟ್ಟರೆ ಎಲೆಯೇ ಮಾಯ. ಜಾಲಿಗೆ ಇದು ಒಪ್ಪಿತು, ಸಿಮೆಂಟ್‌ಗೆ ಅಂಚು ಒರಟಾದರೆ ನಷ್ಟವೇನು? ಬೇವಿನ ಸಣ್ಣ ಎಲೆ ಮಾತ್ರ ಗರಗಸದ ಹಲ್ಲಾಯಿತು. ಮರ, ಜಾಲಿ ಎರಡರಲ್ಲಿ ಒಂದಕ್ಕೆ ಮಾಸ್ಕಿಂಗ್ ಕೊಟ್ಟರೂ ಜಗಳ ನಿಲ್ಲುತ್ತದೆ, ಹಾಗಾಗಿ ಮರವನ್ನು ಬ್ಲೆಂಡಿಂಗ್‌ಗೇ ಮರಳಿಸಿದೆ. ಆದರೆ ಎರಡು ಮರ ಒಂದರ ಹಿಂದೊಂದು ನಿಂತರೆ ಮತ್ತೆ ಅದೇ ರಾಮಾಯಣ. ಈಗ ನಾನು ಅಲ್ಲಿ ಕಟ್ಟಿದ ಮನೆಗೆ ಒಂದೇ ಮರ. ನಾನು ಬಳಸುವ ವ್ಯೂವರ್‌ನಲ್ಲಿ (ಆ ಲೋಕವನ್ನು ತೆರೆದು ತೋರಿಸುವ ಪ್ರೋಗ್ರಾಂ) ಈ ಆಯ್ಕೆಯನ್ನು ಇಟ್ಟ ಜಾಗವೂ ಚಿತ್ರ ಆರಿಸಿದ ಮೇಲಷ್ಟೇ ಜೀವ ಬರುವ ಒಂದು ಸಣ್ಣ ಪಟ್ಟಿ. ಹೊಸಬರು ಹುಡುಕಿ ಸುಸ್ತಾಗುತ್ತಾರೆ.

ಈ ಸಿಟ್ಟಿನಲ್ಲಿ ಎಲ್ಲ ಬಿಟ್ಟುಬಿಡೋಣ ಅಂತಿದ್ದೆ. ತಡೆದದ್ದು ಬಿದರಿ ಹೂಜಿ. ಸೆಕೆಂಡ್ ಲೈಫ್‌ಗೆ 2013ರಲ್ಲಿ ಮಟೀರಿಯಲ್ಸ್ ಬಂತು, ಓಪನ್‌ಸಿಮ್ಯುಲೇಟರ್‌ನಲ್ಲೂ ಇದೆ. ಬಣ್ಣದ ಚಿತ್ರದ ಜೊತೆಗೆ ಎಲ್ಲಿ ಹೊಳೆಯಬೇಕು ಅಂತ ಹೇಳುವ ಇನ್ನೊಂದು ಚಿತ್ರ ಹಾಕಬಹುದು. ಬಿದರಿಯಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ. ಕೊರೆದ ಗೆರೆಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಮೈಯನ್ನು ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಕಪ್ಪಾಗುವುದಿಲ್ಲ. ನಾನು ಮಾಡಿದ್ದೂ ಅದೇ: ಕಪ್ಪು ಚಿತ್ರ, ಅದರ ಮೇಲೆ ಹೊಳಪಿನ ಚಿತ್ರದಲ್ಲಿ ಬಳ್ಳಿಯಷ್ಟೇ ಬಿಳಿ, ಉಳಿದದ್ದು ಕಪ್ಪು. ಸಾದಾ ಉರುಳೆ, ಸಾದಾ ಗೋಲ. ದೀಪ ಅತ್ತಿತ್ತ ಸರಿಸಿದರೆ ಬಳ್ಳಿ ಮಾತ್ರ ಮಿಂಚುತ್ತದೆ, ಮೈ ಸುಮ್ನೆ ಕಪ್ಪಾಗಿ ಕೂತಿರುತ್ತದೆ. ಆ ರಾತ್ರಿ ಜಾಲಿಯನ್ನು ಕ್ಷಮಿಸಿದೆ, ಪೂರ್ತಿ ಅಲ್ಲ.

2023ರಲ್ಲಿ ಸೆಕೆಂಡ್ ಲೈಫ್‌ಗೆ ಬಂದ ಪಿಬಿಆರ್ ಮಟೀರಿಯಲ್ (ಬೆಳಕು ನಿಜವಾದ ವಸ್ತುವಿನ ಮೇಲೆ ಬಿದ್ದಂತೆ ತೋರಿಸುವ ಹೊಸ ಬಗೆ) ಇನ್ನೂ ಚೆಂದ ಕಾಣುತ್ತದೆ. ನನ್ನ ಹಳೇ ಯಂತ್ರದಲ್ಲಿ ಅದು ಕುಂಟುತ್ತದೆ, ಹೊಸದು ಕೊಳ್ಳುವ ಯೋಚನೆ ನನಗಿಲ್ಲ. ಹೊಸ ಕಂಪ್ಯೂಟರ್ ಇದ್ದವರು ಸೀದಾ ಅಲ್ಲಿಂದಲೇ ಶುರು ಮಾಡಿ.

ಆರಂಭಿಸುವವರಿಗೆ ಎರಡು ಮಾತು. ಎರಡು ಮುಖಗಳನ್ನು ಒಂದೇ ಮಟ್ಟದಲ್ಲಿ ಇಡಬೇಡಿ, ಮಿಣುಕುತ್ತವೆ. ಒಂದನ್ನು ಒಂದು ಸೆಂಟಿಮೀಟರ್ ಈಚೆಗೆ ಎಳೆಯಿರಿ. ವಾರಕ್ಕೊಮ್ಮೆ ಸರ್ವರ್ ಕಿಟಕಿಯಲ್ಲಿ 'ಸೇವ್ ಓಎಆರ್' ಕೊಡಿ, ಕಟ್ಟಡದ ಜೊತೆ ಟೆಕ್ಸ್ಚರ್‌ಗಳೂ ಒಂದೇ ಫೈಲ್‌ನಲ್ಲಿ ಉಳಿಯುತ್ತವೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ.

ಈಗ ಬೀದರ್ ಕೋಟೆಯ ಕೆಂಪು ಕಲ್ಲಿನ ಗೋಡೆ ಹಿಡಿದಿದ್ದೇನೆ. ನಾನು ಹೋದಾಗಲೆಲ್ಲ ಉರಿಬಿಸಿಲು, ಆ ಕಲ್ಲಿನ ಒಂದೊಂದು ತೂತಿನಲ್ಲೂ ನೆರಳು. ಮೋಡ ಮುಚ್ಚಿದ ದಿನ ಗೋಡೆಗೆ ನೇರ ನಿಂತು ಯಾರಾದರೂ ಫೋಟೋ ತೆಗೆದಿದ್ದರೆ ಹೇಳಿ, ಬದಲಿಗೆ ಶಹಾಬಾದ್ ನೆಲದ ಫೈಲ್ ಕೊಡುತ್ತೇನೆ.