ಒಪೆರಾ ಹಾಡಿನ ಶ್ರುತಿ ಹಿಡಿಯಲು ಮೂರು ದಾರಿ ನೋಡಿದೆ, ತಂಬೂರಿಯೇ ಗೆದ್ದಿತು

ಮೊದಲೇ ಹೇಳಿಬಿಡುತ್ತೇನೆ. ಒಪೆರಾ (ಪಾಶ್ಚಾತ್ಯರ ಸಂಗೀತ ನಾಟಕ) ರೆಕಾರ್ಡಿಂಗನ್ನು ಇನ್ನೊಂದು ಸಂಗೀತದ ಜೊತೆ ಬೆರೆಸಬೇಕು ಅಂದರೆ ನಾನೀಗ ನಂಬುವುದು ಮೊಬೈಲಿನ ತಂಬೂರಿ ಆ್ಯಪ್, ನನ್ನ ಕಿವಿ ಮತ್ತು ಆಡಾಸಿಟಿ ಎಂಬ ಆಡಿಯೊ ಎಡಿಟರ್, ಇಷ್ಟನ್ನೇ. ನಾಲ್ಕು ಸಾವಿರಕ್ಕೂ ಜಾಸ್ತಿ ಕೊಟ್ಟು ತಗೊಂಡ, ಕೀ (ಹಾಡಿನ ಶ್ರುತಿ) ಹುಡುಕುವ ಸಾಫ್ಟ್‌ವೇರ್ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಸಿನಿಮಾ ಹಾಡುಗಳಿಗೆ ಅದನ್ನು ತೆರೆಯುತ್ತೇನೆ. ಒಪೆರಾಗೆ ಇಲ್ಲ.

ಚಿಕ್ಕಮಗಳೂರಿನಲ್ಲಿ ರಿಸೆಪ್ಷನ್, ಹೋಮ್‌ಸ್ಟೇ ಕಾರ್ಯಕ್ರಮಗಳಿಗೆ ಸೌಂಡ್ ಹಾಕುವುದು ನನ್ನ ಕೆಲಸ. ಕಳೆದ ಡಿಸೆಂಬರಿನಲ್ಲಿ ಕೈಮರದ ಹತ್ತಿರ ಒಂದು ಎಸ್ಟೇಟಿನಲ್ಲಿ ರಿಸೆಪ್ಷನ್ ಇತ್ತು. ಮದುಮಗಳು ಪಾಶ್ಚಾತ್ಯ ಗಾಯನ ಕಲಿತವರು. "ಅಣ್ಣಾ, ನಾನು ಬಂಗಲೆ ಮೆಟ್ಟಿಲು ಇಳಿಯುವಾಗ ಹ್ಯಾಂಡೆಲ್ ಹಾಡು ಇರಲಿ. ಸ್ಟೇಜ್ ಹತ್ತುವ ಹೊತ್ತಿಗೆ ಅದು ಕೊಳಲಿನ ಹಂಸಧ್ವನಿ ಆಗಿರಬೇಕು. ಎಲ್ಲೂ ಕಟ್ ಆದ ಹಾಗೆ ಕೇಳಬಾರದು" ಅಂದರು. ಹಾಡು ‘ಲಾಷಾ ಕ್ಯೋ ಪ್ಯಾಂಗಾ’. ಹ್ಯಾಂಡೆಲ್ ಎಂಬ ಹಳೇ ಕಾಲದ ಯುರೋಪಿನ ಸಂಗೀತಗಾರ ಬರೆದು, 1711ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದ ‘ರಿನಾಲ್ಡೊ’ ಒಪೆರಾದ್ದು. ಸೆರೆಯಲ್ಲಿರುವ ಹೆಣ್ಣು, ನನ್ನನ್ನು ಅಳಲು ಬಿಡಿ ಎಂದು ಹಾಡುತ್ತಾಳೆ. ಮದುವೆಗೆ ಅಳುವ ಹಾಡಾ ಅಂತ ಕೇಳಿದೆ. ಒಂದು ಸಲ ಕೇಳಿ ನೋಡಿ ಅಂದರು. ಕೇಳಿದ ಮೇಲೆ ನನಗೂ ಬೇರೆ ಹಾಡು ಬೇಡ ಅನ್ನಿಸಿತು.

ಮೊದಲು ಹಿಡಿದದ್ದು ಸುಲಭದ ದಾರಿ, ಅಚ್ಚಾದ ಸ್ವರಲಿಪಿ. ಅದರಲ್ಲಿ ಎಫ್ ಮೇಜರ್ ಅಂತ ಇದೆ. ಮೇಜರ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಎಫ್ ಅಂದರೆ ನಮ್ಮ ಹಾರ್ಮೋನಿಯಂನಲ್ಲಿ ಬಿಳಿ ನಾಲ್ಕು. ಹಂಸಧ್ವನಿಯ ಐದೂ ಸ್ವರ ಮೇಜರ್ ಸ್ಕೇಲಿನೊಳಗೇ ಇವೆ, ಹಾಗಾಗಿ ಷಡ್ಜ ಒಂದೇ ಆದರೆ ಎರಡೂ ಜಗಳವಾಡುವುದಿಲ್ಲ. ಗೆಳೆಯ ಬಿಳಿ ನಾಲ್ಕರ ಕೊಳಲು ತಂದು ನುಡಿಸಿದ, ರೆಕಾರ್ಡ್ ಮಾಡಿಕೊಂಡೆ, ಅವನು ಮಂಗಳೂರಿಗೆ ಹೊರಟುಹೋದ. ರಾತ್ರಿ ಎರಡನ್ನೂ ಸೇರಿಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುವ ಹಾಗಿತ್ತು. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿ ಹಿಡಿದ ಹಾಗೆ.

ಸಾಫ್ಟ್‌ವೇರ್ ಮಾತ್ರ ‘12ಬಿ’ ಅಂತ ತೋರಿಸುತ್ತಿತ್ತು. ಅಂದರೆ ಇ ಮೇಜರ್, ಬಿಳಿ ಮೂರು. ಡಿಜೆಗಳು ಕೀಗಳನ್ನು 12 ಮನೆಗಳಲ್ಲಿ ಜೋಡಿಸಿಕೊಂಡು, ಹತ್ತಿರದವನ್ನೇ ಬೆರೆಸಲು ಬಳಸುವ ಕ್ಯಾಮೆಲಾಟ್ ಚಕ್ರದಲ್ಲಿ ಎಫ್ ಮೇಜರ್ ಇರುವುದು ‘7ಬಿ’ಯಲ್ಲಿ. ಐದು ಮನೆ ದೂರ! ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ತಪ್ಪು ಸಾಫ್ಟ್‌ವೇರಿನದೇ ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ಆದರೆ ಆ ಚಕ್ರ ಜೋಡಿಸಿರುವುದು ಷಡ್ಜ–ಪಂಚಮದ ಲೆಕ್ಕದಲ್ಲಿ. ಹಾರ್ಮೋನಿಯಂ ಮೇಲೆ ಪಕ್ಕದಲ್ಲೇ ಇರುವ ಸ್ವರ ಚಕ್ರದಲ್ಲಿ ದೂರ ಕೂರುತ್ತದೆ. ನಿಜವಾದ ವ್ಯತ್ಯಾಸ ಅರ್ಧ ಸ್ವರ ಅಷ್ಟೇ.

ಆ ಅರ್ಧ ಸ್ವರ ಬಂದದ್ದು ಎಲ್ಲಿಂದ? ಹ್ಯಾಂಡೆಲ್ ಕಾಲದ ವಾದ್ಯಗಳ ರೀತಿಯಲ್ಲೇ ನುಡಿಸುವ ತಂಡಗಳು ಈಗ ಸಾಮಾನ್ಯವಾಗಿ ಶ್ರುತಿಗೆ ಆಧಾರವಾದ ಎ ಸ್ವರವನ್ನು 415 ಹರ್ಟ್ಜ್‌ಗೆ ಇಟ್ಟುಕೊಳ್ಳುತ್ತವೆ. ಇವತ್ತಿನ ಮಾಮೂಲಿ ಅಳತೆ 440. ಹತ್ತಿರ ಹತ್ತಿರ 6 ಪರ್ಸೆಂಟ್ ವ್ಯತ್ಯಾಸ, ಸರಿಯಾಗಿ ಅರ್ಧ ಸ್ವರ. ಕಾಗದದ ಮೇಲೆ ಎಫ್ ಅಂತಲೇ ಇರುತ್ತದೆ, ಸ್ಪೀಕರಿನಲ್ಲಿ ಕೇಳುವುದು ಇ. ಮದುಮಗಳು ಕೊಟ್ಟದ್ದು ಅಂಥದೇ ರೆಕಾರ್ಡಿಂಗ್. ಹಾಗಂತ ಎಲ್ಲ ಹಳೇ ಒಪೆರಾಗೂ ಅರ್ಧ ಸ್ವರ ಇಳಿಸಿಕೊಂಡರೆ ಆಯ್ತು ಅನ್ನಬೇಡಿ. ಮೊಜಾರ್ಟ್‌ನನ್ನು 430ಕ್ಕೆ ನುಡಿಸುವವರಿದ್ದಾರೆ. ಅದು ಎರಡು ಮನೆಗಳ ನಡುವೆ, 40 ಸೆಂಟ್‌ನಷ್ಟು (ಅರ್ಧ ಸ್ವರಕ್ಕೆ 100 ಸೆಂಟ್) ಕೆಳಗೆ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಆ ಜಾಗವೇ ಇಲ್ಲ. ತಂಬೂರಿ ಆ್ಯಪಿನಲ್ಲಿ ಸೂಕ್ಷ್ಮವಾಗಿ ಇಳಿಸಬಹುದು. ಹಾಡಿನ ಕೊನೆಯ ಸ್ವರ ಹಾಕಿಕೊಂಡು ತಂಬೂರಿಯನ್ನು ನಿಧಾನಕ್ಕೆ ಹತ್ತಿರ ತರುತ್ತಾ ಹೋದರೆ, ಆ ಅಲೆಯ ಹಾಗಿನ ನಡುಕ ಕಡಿಮೆಯಾಗುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ಶ್ರುತಿ ಸಿಕ್ಕಿತು.

ಸರಿಪಡಿಸಿದ್ದು ಹೀಗೆ: ಆಡಾಸಿಟಿಯಲ್ಲಿ ಕೊಳಲನ್ನೇ ಅರ್ಧ ಸ್ವರ ಇಳಿಸಿದೆ. ಹಾಡನ್ನು ಏರಿಸಿಯೂ ನೋಡಿದೆ, ಆ ಹೆಂಗಸಿನ ದನಿ ತೆಳ್ಳಗಾಗಿ ಅಳುವಿನ ಭಾರವೇ ಹೋಯಿತು. ಕೊಳಲು ತಡೆದುಕೊಂಡಿತು.

ಲಯದ ವಿಷಯದಲ್ಲಿ ಸಾಫ್ಟ್‌ವೇರ್ ಕೈಕೊಟ್ಟಿತು. ನಾನು ಹಾಡಿನ ಜೊತೆ ತಟ್ಟುತ್ತಾ ಲೆಕ್ಕ ಹಾಕಿದ್ದರ ಎರಡರಷ್ಟು ವೇಗ ತೋರಿಸಿತು, ಜೊತೆಗೆ ನಾಲ್ಕರ ಎಣಿಕೆಯ ಗೆರೆ ಎಳೆದಿತ್ತು. ಈ ಹಾಡು ಮೂರರ ಎಣಿಕೆಯದು, ಸರಬಾಂದ್ ಎಂಬ ನಿಧಾನದ ನೃತ್ಯದ ನಡೆ, ಒತ್ತು ಎರಡನೆಯ ಎಣಿಕೆ ಮೇಲೆ. ಮೇಲಾಗಿ ಹಾಡುವವರು ಉಸಿರು ತಗೊಳ್ಳುವ ಕಡೆ ಇಡೀ ಮೇಳ ಕಾಯುತ್ತದೆ. ಇದಕ್ಕೆ ಒಂದೇ ನಂಬರ್ ಹೇಗೆ ಕೊಡುವುದು? ನಾನು ಒಂದೊಂದು ಆವರ್ತದ ತಲೆಗೂ ಕೈಯಾರೆ ಗುರುತು ಹಾಕಿದೆ. ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಹಾಡು ನನಗೆ ಬಾಯಿಪಾಠವಾಯಿತು, ಅದು ಸಾಫ್ಟ್‌ವೇರಿನಿಂದ ಆಗುವುದಿಲ್ಲ.

ಹಾಡಿನ ನಡುವಿನ ಭಾಗ ಮೈನರ್ (ಗಾಂಧಾರ ಇಳಿದ ಸ್ಕೇಲ್) ಕಡೆಗೆ ಹೊರಳಿ, ಮತ್ತೆ ಮೊದಲಿನ ಸಾಲಿಗೆ ವಾಪಸ್ ಬರುತ್ತದೆ. ನಡುವಿನಲ್ಲಿ ತಂಬೂರಿ ಹಾಕಿದರೆ ಕಚ್ಚುತ್ತದೆ. ಹಾಗಾಗಿ ಮೊದಲ ಸಾಲು ಮತ್ತೆ ಬಂದಾಗ ಮೆಲ್ಲಗೆ ತಂಬೂರಿ ತಂದೆ, ಕೊನೆಯ ಸ್ವರ ಇಳಿಯುವಾಗ ಅದೊಂದೇ ಉಳಿಯಿತು, ಅದರ ಮೇಲೆ ತಾಳವಿಲ್ಲದ ಕೊಳಲಿನ ಆಲಾಪನೆ. ಲಯಕ್ಕೆ ಲಯ ಕೂಡಿಸುವ ತೊಂದರೆಯೇ ಬರಲಿಲ್ಲ.

ಆಮೇಲೆ ‘ಕಾರ್ಮೆನ್’ ಒಪೆರಾದ ಹಬನೇರಾ ಎಂಬ ಹಾಡಿನ ಮೇಲೂ ಸ್ವರಲಿಪಿ, ಸಾಫ್ಟ್‌ವೇರ್, ತಂಬೂರಿ ಮೂರೂ ದಾರಿ ನೋಡಿದೆ. ಅದರ ಲಯ ಗಟ್ಟಿ, ಸಾಫ್ಟ್‌ವೇರ್ ಸರಿಯಾಗೇ ಹೇಳಿತು. ಆದರೆ ಹಾಡು ಡಿ ಮೈನರಿನಿಂದ ಡಿ ಮೇಜರಿಗೆ ಹೋಗುತ್ತದೆ. ಚಕ್ರದಲ್ಲಿ ಅವು 7ಎ ಮತ್ತು 10ಬಿ, ಬೆರೆಸಬಾರದ ಜೋಡಿ. ನಮ್ಮ ಕಿವಿಗೆ ಷಡ್ಜ ಅಲ್ಲೇ ಇದೆ, ಮುಖ್ಯವಾಗಿ ಬದಲಾಗುವುದು ಗಾಂಧಾರ, ಅಲ್ವಾ? ಕೆಳಗೆ ಚೆಲ್ಲೋ (ದಪ್ಪ ದನಿಯ ದೊಡ್ಡ ಪಿಟೀಲು) ಕೂಡ ಮತ್ತೆ ಮತ್ತೆ ಡಿ ಸ್ವರಕ್ಕೇ ಮರಳುತ್ತಿರುತ್ತದೆ. ಬಿಳಿ ಎರಡರ ತಂಬೂರಿ ಹಾಡಿನುದ್ದಕ್ಕೂ ಕೂತಿತು.

ರಾತ್ರಿಗೆ ನಲವತ್ತು ಹಾಡು ಹಾಕುವವರು ಸಾಫ್ಟ್‌ವೇರ್ ತಗೊಳ್ಳಿ, ಸಮಯ ಉಳಿಯುತ್ತದೆ. ನನಗೆ ಇಂಥ ಕೆಲಸ ಬರುವುದು ವರ್ಷಕ್ಕೆ ನಾಲ್ಕೋ ಐದೋ. ಚಿಕ್ಕಂದಿನಿಂದ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದ ಅಭ್ಯಾಸವೂ ಇದೆ, ಒಂದು ಗಂಟೆ ಕೂರುವುದು ಭಾರ ಅನ್ನಿಸುವುದಿಲ್ಲ. ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಮತ್ತೆ ದುಡ್ಡು ಕೇಳುತ್ತಿದೆ. ಆ ದುಡ್ಡಿಗೆ ಒಂದು ಒಳ್ಳೆ ಹೆಡ್‌ಫೋನ್ ತಗೊಂಡೆ.