ಬ್ಯಾಗಿನಲ್ಲಿರುವ ವಸ್ತುಗಳ ಕೊರಿಯನ್: ಆಂಕಿಡ್ರಾಯ್ಡ್ ಆ್ಯಪ್ ಹೇಗಿದೆ?

ಕೆ-ಡ್ರಾಮಾ ನೋಡಿ ಕೊರಿಯನ್ ಹಿಡಿದವರಿಗೆ ಪ್ರೀತಿ, ಜಗಳದ ಮಾತೆಲ್ಲ ಬರುತ್ತದೆ. ಛತ್ರಿ, ಬೀಗದ ಕೈ, ಟವೆಲ್ ಬರುವುದಿಲ್ಲ. ಇದಕ್ಕೆ ಆಂಕಿಡ್ರಾಯ್ಡ್ ಒಳ್ಳೆಯ ಮದ್ದು: ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡುಗಳನ್ನು ದಿನ ಬಿಟ್ಟು ಮತ್ತೆ ಮತ್ತೆ ತೋರಿಸಿ ಪದ ನೆನಪಿನಲ್ಲಿ ಉಳಿಸುವ ಆ್ಯಪ್ ಇದು. ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ, ಜಾಹೀರಾತಿನ ಕಾಟವಿಲ್ಲ. ಮಂಡ್ಯ–ಮೈಸೂರು ರೈಲಿನಲ್ಲಿ ನೆಟ್‌ವರ್ಕ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಆದರೆ ಬೇರೆಯವರು ಮಾಡಿಟ್ಟ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಳ್ಳಬೇಡಿ, ನಿಮ್ಮದನ್ನೇ ಮಾಡಿಕೊಳ್ಳಿ.

ಸಿದ್ಧ ಡೆಕ್‌ಗಳಲ್ಲಿ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದ ಉಚ್ಚಾರ ಇರುತ್ತದೆ. ಟವೆಲ್‌ಗೆ ಎಸ್-ಯು-ಜಿ-ಇ-ಓ-ಎನ್. ನಮ್ಮವರು ಅದನ್ನು ‘ಸುಗಿಯೋನ್’ ಎಂದು ಓದುತ್ತಾರೆ. ಅಲ್ಲಿರುವ ಇ-ಓ ಎರಡು ಸ್ವರವಲ್ಲ, ತುಟಿ ದುಂಡಗೆ ಮಾಡದೆ ಹೇಳುವ ಒಂದೇ ‘ಒ’. ಕನ್ನಡದಲ್ಲಿ ಬರೆದುಕೊಂಡರೂ ಅದೇ ಪಾಡು, ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. (ಇಲ್ಲಿ ಬರೆದಿರುವುದೂ ಅಂದಾಜು ಉಚ್ಚಾರವೇ.) ಕೊರಿಯನ್ ಬರೆಯುವ ಹಂಗುಲ್ ಲಿಪಿಯ 14 ಮೂಲ ವ್ಯಂಜನ, 10 ಮೂಲ ಸ್ವರ ಮೊದಲು ಕಲಿಯಿರಿ, ಕಾಗುಣಿತ, ಒತ್ತಕ್ಷರ ತಿದ್ದಿದ ಕೈಗೆ ಅದೇನು ಭಾರವಲ್ಲ.

ಕಾರ್ಡಿನ ಮುಂದುಗಡೆ ನಿಮ್ಮದೇ ವಸ್ತುವಿನ ಫೋಟೊ ಹಾಕಿ, ಕನ್ನಡ ಪದ ಬೇಡ. ಹಿಂದುಗಡೆ ಹಂಗುಲ್, ಧ್ವನಿ, ಜೊತೆಗೆ ಎಣಿಕೆಯ ಪದ, ಅಂದರೆ ಎಣಿಸುವಾಗ ವಸ್ತುವಿಗೆ ತಕ್ಕಂತೆ ಸಂಖ್ಯೆಯ ಜೊತೆ ಸೇರಿಸುವ ಪದ. ಈ ಕೊನೆಯದನ್ನು ಬಿಟ್ಟವರು ಮುಂದೆ ಪೇಚಾಡುತ್ತಾರೆ. ಪುಸ್ತಕಕ್ಕೆ ‘ಗ್ವೊನ್’, ಪೆನ್ಸಿಲ್‌ಗೆ ‘ಜಾರು’, ಜೋಡಿ ಕಾಲುಚೀಲಕ್ಕೆ ‘ಖ್ಯೊಲ್ಲೆ’, ಉಳಿದ ಬಹಳಷ್ಟಕ್ಕೆ ‘ಗೆ’. ನಾವು ‘ಎರಡು ಜೊತೆ ಕಾಲುಚೀಲ’ ಅಂದರೆ ಅವರದು ‘ಯಾಂಗ್ಮಾಲ್ ತು ಖ್ಯೊಲ್ಲೆ’, ವಸ್ತು ಮೊದಲು, ಲೆಕ್ಕ ಆಮೇಲೆ. ಎರಡಕ್ಕೆ ‘ತುಲ್’ ಎಂದು ಕಲಿತಿದ್ದರೂ ಎಣಿಕೆಯ ಪದದ ಮುಂದೆ ಅದು ‘ತು’ ಆಗುತ್ತದೆ. ಹಾಗಾಗಿ ಇಡೀ ತುಂಡನ್ನೇ ಕಾರ್ಡಿಗೆ ಹಾಕಿ. ವಾಕ್ಯದ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು: ‘ಉಸಾನ್ ಇಸ್ಸೊಯೊ?’ ಅಂದರೆ ‘ಛತ್ರಿ ಇದೆಯಾ?’, ಅದೇ ಕ್ರಮ.

ಆ್ಯಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು 8ಕ್ಕೆ ಇಳಿಸಿ. ಇಲ್ಲದಿದ್ದರೆ ಹಳೆಯ ಕಾರ್ಡುಗಳ ರಾಶಿ ಬಿದ್ದು ಆ್ಯಪ್ ತೆರೆಯಲೇ ಮನಸ್ಸಾಗುವುದಿಲ್ಲ. ಇನ್ನೊಂದು, ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತು ಎಂದು ಬಟನ್ ಒತ್ತಬೇಕಲ್ಲ, ಅಲ್ಲಿ ಮರೆತ ಪದಕ್ಕೆ ‘ಹಾರ್ಡ್’ ಒತ್ತಬೇಡಿ. ಆ್ಯಪ್‌ನ ಲೆಕ್ಕದಲ್ಲಿ ಅದು ‘ಗೊತ್ತಿತ್ತು, ಕಷ್ಟಪಟ್ಟೆ’ ಎಂದೇ, ಕಾರ್ಡ್ ಮುಂದಕ್ಕೆ ಹೋಗಿಬಿಡುತ್ತದೆ. ಮರೆತಿದ್ದರೆ ‘ಅಗೇನ್’ ಒತ್ತಬೇಕು.

ಉಚ್ಚಾರ ತಿದ್ದುವ ಕೆಲಸ ಇದರಿಂದಾಗದು. ಪದದ ಕೊನೆಗೆ ‘ಉ’ ಸೇರಿಸುವುದು ನಮ್ಮ ನಾಲಿಗೆಯ ಚಾಳಿ: ಪುಸ್ತಕಕ್ಕೆ ‘ಚೆಕ್’ ಹೋಗಿ ‘ಚೆಕ್ಕು’, ಪರ್ಸಿಗೆ ‘ಚಿಗಪ್’ ಹೋಗಿ ‘ಚಿಗಪ್ಪು’. ಕೊನೆಯ ‘ಪ್’ಗೆ ತುಟಿ ಮುಚ್ಚಿ ಹಾಗೇ ನಿಲ್ಲಿಸಬೇಕು, ಗಾಳಿ ಬಿಡಬಾರದು. ಫೋನಿನ ರೆಕಾರ್ಡರ್‌ನಲ್ಲಿ ಹೇಳಿ, ಕಾರ್ಡಿನ ಧ್ವನಿಯ ಪಕ್ಕದಲ್ಲಿಟ್ಟು ಕೇಳಿ.

ಐಫೋನ್ ಇರುವವರು ಆ್ಯಪ್‌ಗೆ ದುಡ್ಡು ಕೊಡಬೇಕು. ಬೇಡವೆಂದರೆ ಬ್ರೌಸರ್‌ನಲ್ಲಿ ಇದರದೇ ವೆಬ್ ರೂಪ ಆಂಕಿವೆಬ್ ಪುಕ್ಕಟೆ ಸಿಗುತ್ತದೆ, ಆದರೆ ಅದಕ್ಕೆ ಇಂಟರ್ನೆಟ್ ಬೇಕೇ ಬೇಕು.