ಸರಸ್ವತಿಪುರಂನ ಓದುಕೋಣೆ: ರೋಮಾ ಕಪಾಟಿಗಾಗಿಯೇ ಹೋಗಿ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ ಮೇಲಿರುವ ಈ ಓದುಕೋಣೆಗೆ ಫೀಸಿಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆದರೆ ಸಾಕು. ಯುರೋಪಿನ ರೋಮಾ ಜನರ ಬಗ್ಗೆ ಇಲ್ಲಿ ಒಂದು ಕಪಾಟೇ ಇದೆ. ಅವರ ಪೂರ್ವಿಕರು ಭಾರತದಿಂದ ಹೋದವರು, ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ?

ನನ್ನನ್ನು ಹಿಡಿದು ಕೂರಿಸಿದ್ದು ಹಂಗೆರಿಯ ಫೈಲು. 2008-09ರಲ್ಲಿ ಅಲ್ಲಿ ಜನಾಂಗ ದ್ವೇಷಕ್ಕೆ 6 ರೋಮಾ ಜನ ಬಲಿಯಾದರು. 2009ರ ಫೆಬ್ರವರಿಯಲ್ಲಿ ಒಂದು ಹಳ್ಳಿಯಲ್ಲಿ ಮನೆಗೆ ಬೆಂಕಿ ಹಚ್ಚಿ, ಹೊರಗೆ ಓಡಿ ಬಂದ ಅಪ್ಪನನ್ನೂ ಪುಟ್ಟ ಮಗನನ್ನೂ ಗುಂಡಿಟ್ಟು ಕೊಂದರು, ಮೈಮೇಲೆ ಗಾಯ ಕಾಣುತ್ತಿದ್ದರೂ ಪೊಲೀಸರು ಮೊದಲು ವೈರಿಂಗ್ ಕೆಟ್ಟು ಬೆಂಕಿ ಬಿದ್ದಿದೆ ಅಂದುಬಿಟ್ಟರು. ಓದುತ್ತಾ ಹೊಟ್ಟೆ ಉರಿಯಿತು. 4 ಜನರಿಗೆ ಶಿಕ್ಷೆ ಆಗಿದ್ದು 2013ರಲ್ಲಿ.

ಪಕ್ಕದಲ್ಲೇ ನಮ್ಮ ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಪುಸ್ತಕಗಳೂ ಇವೆ. ಹೀಗೆ ಜೋಡಿಸಿಟ್ಟವರಿಗೆ ದೊಡ್ಡ ನಮಸ್ಕಾರ.

ಕೊರತೆ ಅಂದರೆ ಎಲ್ಲಾ ಇಂಗ್ಲಿಷಿನಲ್ಲೇ ಇದೆ. ಫೈಲಿನ ಮೇಲೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಅಂಟಿಸಿದರೆ ಕಾಲೇಜು ಮಕ್ಕಳು ಜಾಸ್ತಿ ಓದುತ್ತಾರೆ, ಅಲ್ವಾ? ಜೆರಾಕ್ಸ್ ಮಾಡಿಕೊಡುತ್ತಾರೆ, ಚಿಲ್ಲರೆ ಇಟ್ಕೊಂಡು ಹೋಗಿ.